ಭಾಷೆಯ ಊರಿಗೆ ಪಯಣ

ಭಾಷೆಯನ್ನು ಕಲಿಯುವುದಕ್ಕೆ ಎರಡು ಹಾದಿಗಳಿವೆ. ಪುಸ್ತಕವನ್ನು ಮುಂದಿಟ್ಟುಕೊಂಡು ಅಕ್ಷರ, ಶಬ್ದ, ವಿಭಕ್ತಿ, ಕ್ರಿಯಾಪದಗಳನ್ನು ಕ್ರಮವಾಗಿ ಅಭ್ಯಾಸಮಾಡುವುದು ಮೊದಲನೆಯದು. ಆ ಭಾಷೆಯನ್ನಾಡುವ ಜನರ ನಡುವೆ ಹೋಗಿ ನೆಲಸಿ, ಅವರೊಡನೆ ಉಂಡು, ಆಡಿ, ವ್ಯವಹರಿಸಿ, ಅವರ ಬಾಯಿಂದಲೇ ಅದನ್ನು ಪಡೆಯುವುದು ಎರಡನೆಯದು. ಮೊದಲನೆಯ ಹಾದಿಯಲ್ಲಿ ನಡೆದವನು ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಗಳಿಸಬಹುದು. ಆದರೆ ಆ ಭಾಷೆಯ ಊರಿಗೆ ಹೋಗಿ ನಿಂತಾಗ ಒಂದು ಲೋಟ ನೀರನ್ನು ಕೇಳಲು ತಡವರಿಸಬಹುದು. ಎರಡನೆಯ ಹಾದಿ ಹಿಡಿದವನು ನೀರನ್ನೂ ಕೇಳಿಯಾನು, ಜಗಳವನ್ನೂ ಆಡಿಯಾನು; ಆದರೆ ಒಂದು ಕಾಗದವನ್ನು ಬರೆಯಬೇಕಾದರೆ ಬೇರೆಯವರ ನೆರವನ್ನು ಬೇಡಬೇಕಾದೀತು. ಎರಡೂ ಕೂಡಿದಾಗ ಮಾತ್ರ ಭಾಷೆ ಪೂರ್ಣವಾಗಿ ವಶವಾಗುತ್ತದೆ. ಕಷ್ಟವೆಂದರೆ, ಪುಸ್ತಕ ಅಗ್ಗವಾದುದು, ಪಯಣ ದುಬಾರಿಯಾದುದು. ಪುಸ್ತಕವನ್ನು ಬಡವನ ಮಗನೂ ಹೇಗೋ ಕೊಂಡುಕೊಳ್ಳುತ್ತಾನೆ. ಪಯಣದ ವೆಚ್ಚವನ್ನು ಕೊಡುವವರಾರು?

ಈ ಪ್ರಶ್ನೆಯನ್ನು ಕೇಳುವುದಕ್ಕೆ ಬೀದರ ಜಿಲ್ಲೆಗಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಬೇರೊಂದಿಲ್ಲ. ನಾಡಿನ ಉತ್ತರದ ತುದಿಯಲ್ಲಿರುವ ಈ ಜಿಲ್ಲೆಯ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಬೀದರಿನ ಗಾಂಧಿಗಂಜಿಗೆ ತೊಗರಿ, ಉದ್ದು, ಹೆಸರುಗಳನ್ನು ತುಂಬಿಕೊಂಡು ಬರುವ ರೈತ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡಿ, ಅಡತಿ ಅಂಗಡಿಯಲ್ಲಿ ದಖನಿ ಉರ್ದುವಿನಲ್ಲಿ ದರ ಮಾತನಾಡಿ, ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದವನೊಡನೆ ತೆಲುಗಿನಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಾನೆ. ತಾಂಡಾಗಳಲ್ಲಿ ಲಂಬಾಣಿ ಬೇರೆ ಇದೆ. ದಫ್ತರ, ಅರ್ಜಿ, ಖಜಾನೆ, ತಯಾರಿ, ದವಾಖಾನೆ ಮುಂತಾದ ಪಾರಸಿ ಅರಬ್ಬೀ ಮೂಲದ ಮಾತುಗಳು ನಮ್ಮ ಭಾಷೆಯಲ್ಲಿ ಬೆರೆತುಹೋಗಿವೆ. ನಾವೂ ಬರಿಗೈಯಲ್ಲಿ ಕಳುಹಿಸಲಿಲ್ಲ. ಮರಾಠಿಯವರು ತುಪ್ಪಕ್ಕೆ ತೂಪ್ ಎನ್ನುತ್ತಾರೆ. ಅಡಕತ್ತರಿಗೆ ಅಡಕಿತ್ತಾ ಎನ್ನುತ್ತಾರೆ.

1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು; ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶವನ್ನು ಸೇರಿದವು; ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ಔರಾದಿನ ಹಳ್ಳಿಗಳಲ್ಲಿ ಇಂದಿಗೂ ಸೊಸೆ ಒಂದು ರಾಜ್ಯದವಳು, ಅತ್ತೆ ಇನ್ನೊಂದು ರಾಜ್ಯದವಳು.

ಹೀಗಿರುವಾಗ ಬೀದರಿನ ಮಕ್ಕಳಿಗೆ ಪರಭಾಷೆಯನ್ನು ಕಲಿಸುವ ಚಿಂತೆಯೇಕೆ ಎಂದು ಯಾರಾದರೂ ಕೇಳಬಹುದು. ಬಜಾರದಲ್ಲಿ ಕಲಿತ ಭಾಷೆ ಬಜಾರದ ಕೆಲಸಕ್ಕೆ ಸಾಕು. ದರ ಕೇಳಬಲ್ಲವನು ಆ ಭಾಷೆಯ ಒಂದು ಕಥೆಯನ್ನು ಓದಬಲ್ಲನೆಂದೇನೂ ಇಲ್ಲ. ಉರ್ದುವಿನಲ್ಲಿ ಚೆನ್ನಾಗಿ ಮಾತನಾಡುವ ನೂರು ಜನರಲ್ಲಿ ಅದರ ಲಿಪಿಯನ್ನು ಬಲ್ಲವರು ಕೆಲವರೇ. ನೆರೆಯವರ ನುಡಿ ಕಿವಿಗೆ ಪರಿಚಿತವಾಗಿದ್ದು ಕಣ್ಣಿಗೆ ಅಪರಿಚಿತವಾಗಿ ಉಳಿದಿದೆ. ಶಾಲೆಯಲ್ಲಿ ಕಲಿಯುವ ಹಿಂದಿ, ಇಂಗ್ಲಿಷುಗಳದು ಇದಕ್ಕೆ ವಿರುದ್ಧವಾದ ಸ್ಥಿತಿ. ಅವು ಕಣ್ಣಿಗೆ ಬಿದ್ದಿವೆ, ನಾಲಗೆಗೆ ಇಳಿದಿಲ್ಲ.

ಭಾಷೆಗಾಗಿ ಅಲ್ಲದಿದ್ದರೂ ವ್ಯಾಪಾರಕ್ಕಾಗಿ ದೂರದೇಶದಿಂದ ಬೀದರಿಗೆ ಬಂದು, ಇಲ್ಲಿ ನೆಲಸಿ, ಇಲ್ಲಿಯ ಮಾತುಗಳನ್ನು ಕಲಿತವನೊಬ್ಬನ ವೃತ್ತಾಂತ ಸ್ವಾರಸ್ಯವಾದುದು. ರಷ್ಯಾ ದೇಶದ ತ್ವೇರ್ ಎಂಬ ನಗರದ ವರ್ತಕ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬಹಮನೀ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದನು. ಮಾರಲೆಂದು ಅವನು ಸಮುದ್ರದ ಮೇಲೆ ಒಂದು ಕುದುರೆಯನ್ನು ತಂದಿದ್ದನು. ಅದನ್ನು ಕೊನೆಗೆ ಬೀದರಿನಲ್ಲಿ ಮಾರಿದನು. ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿ ರಷ್ಯನ್ ಭಾಷೆಯಲ್ಲಿದೆ. ಆದರೆ ನಡುನಡುವೆ ತುರ್ಕಿ, ಪಾರಸಿ, ಅರಬ್ಬೀ ಮಾತುಗಳು ಹಾಸುಹೊಕ್ಕಾಗಿ ಬರುತ್ತವೆ. ಅಂದಿನ ಬೀದರಿನ ಸಂತೆಯಲ್ಲಿ, ಅರಮನೆಯ ಸುತ್ತಮುತ್ತ ನಡೆಯುತ್ತಿದ್ದ ಮಾತುಕತೆಯೇ ಅವನಿಗೆ ಪಾಠಶಾಲೆಯಾಯಿತು. ಬರಬರುತ್ತ ದೇವರ ಪ್ರಾರ್ಥನೆಯನ್ನು ಕೂಡ ಅವನು ಆ ಬೆರಕೆ ನುಡಿಯಲ್ಲಿಯೇ ಬರೆದನು. ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ, ಊರು ಸೇರುವ ಮೊದಲೇ ಅವನು ತೀರಿಕೊಂಡನು. ಟಿಪ್ಪಣಿ ಮಾತ್ರ ವರ್ತಕರ ಕೈಯಿಂದ ಮಾಸ್ಕೋ ನಗರವನ್ನು ಮುಟ್ಟಿತು. ಅವನ ಪಯಣಕ್ಕೆ ಯಾವ ಅರಸನೂ ಹಣ ಕೊಟ್ಟಿರಲಿಲ್ಲ.

ಅದೇ ಕಾಲದಲ್ಲಿ ಬೀದರಿನಲ್ಲಿ ಪ್ರಧಾನಮಂತ್ರಿಯಾಗಿದ್ದ ಮಹಮೂದ್ ಗವಾನನೂ ಪರದೇಶದವನೇ. ಪಾರಸಿಕ ದೇಶದ ಗೀಲಾನ್ ಪ್ರಾಂತದಿಂದ ಬಂದ ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಬೀದರಿನ ನಡುವೆ ನಿಂತಿದೆ. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಪ್ರವಚನದ ಸಭಾಂಗಣ, ಗ್ರಂಥಭಂಡಾರ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಇದ್ದವು. 1696ರಲ್ಲಿ ಮದ್ದು ಸಿಡಿದು ಅದರ ಒಂದು ಭಾಗ ನಾಶವಾಯಿತು. ದೂರದ ವಿದ್ವಾಂಸರು ಇಲ್ಲಿಗೆ ಬರಲಿ, ಇಲ್ಲಿ ತಂಗಿ ಕಲಿಸಲಿ ಎಂಬುದು ಗವಾನನ ಆಶಯವಾಗಿತ್ತು. ವಿದ್ಯಾರ್ಥಿಯನ್ನು ಪರದೇಶಕ್ಕೆ ಕಳುಹಿಸುವ ಬದಲು ಪರದೇಶವನ್ನೇ ವಿದ್ಯಾರ್ಥಿಯ ಬಾಗಿಲಿಗೆ ತರುವ ಉಪಾಯವಿದು. ಆದರೆ ಅಲ್ಲಿ ಪ್ರಾಶಸ್ತ್ಯ ಅರಬ್ಬೀ ಪಾರಸಿಗಳಿಗೆ. ಸುತ್ತಲಿನ ಹಳ್ಳಿಗಳ ನುಡಿಗೆ ಆ ಅಂಗಳದಲ್ಲಿ ಎಡೆಯಿರಲಿಲ್ಲ.

ರಾಜ್ಯದ ಬೊಕ್ಕಸದಿಂದ ಹಣ ಪಡೆದು ಕಡಲು ದಾಟಿ ಓದಲು ಹೋದ ವಿದ್ಯಾರ್ಥಿಗಳ ಕಥೆ ಮುಂದೆ ನಾಲ್ಕು ಶತಮಾನಗಳ ಅನಂತರ ಆರಂಭವಾಗುತ್ತದೆ. ಬೀದರ ಆಗ ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ನಿಜಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರ ಮಗಳು ಸರೋಜಿನಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೆಸರು ಪಡೆದಳು. 1895ರಲ್ಲಿ, ಹದಿನಾರು ವರ್ಷದ ಆ ಹುಡುಗಿ ನಿಜಾಮರು ಕೊಟ್ಟ ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿದಳು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಬಳಿಕ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿ ಓದಿದಳು. ಆರೋಗ್ಯ ಕೆಟ್ಟು, ಪದವಿ ಪಡೆಯದೆಯೇ 1898ರಲ್ಲಿ ಮರಳಿದಳು. ಆ ಮೂರು ವರ್ಷಗಳಿಂದ ಆದ ಲಾಭವೇನು? ಎಡ್ಮಂಡ್ ಗಾಸ್ ಎಂಬ ಇಂಗ್ಲಿಷ್ ವಿಮರ್ಶಕರು ಆಕೆಯ ಪದ್ಯಗಳನ್ನು ನೋಡಿ, ಇಂಗ್ಲೆಂಡಿನ ಹಕ್ಕಿಗಳನ್ನೂ ಹೂಗಳನ್ನೂ ಬಿಟ್ಟು ತನ್ನ ನಾಡಿನ ಬದುಕನ್ನು ಬರೆಯುವಂತೆ ಬುದ್ಧಿ ಹೇಳಿದರು. ತನ್ನ ಊರನ್ನು ಕಾಣುವುದಕ್ಕೆ ಆಕೆ ಏಳು ಕಡಲು ದಾಟಬೇಕಾಯಿತೆಂದರೂ ಸಲ್ಲುತ್ತದೆ. 1905ರಲ್ಲಿ ಪ್ರಕಟವಾದ ಆಕೆಯ ಮೊದಲ ಕವನಸಂಗ್ರಹದಲ್ಲಿ ಹೈದರಾಬಾದಿನ ಬೀದಿಗಳಿವೆ. ಆಕೆಯೇ ಮುಂದೆ ಸರೋಜಿನಿ ನಾಯ್ಡು ಎಂದು ಪ್ರಸಿದ್ಧರಾದರು. ಆ ಇಂಗ್ಲಿಷ್ ವಾಗ್ಮಿತೆ ಸ್ವಾತಂತ್ರ್ಯದ ಹೋರಾಟಕ್ಕೆ ಒದಗಿತು.

ಆದರೆ ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ನಿಜಾಮರ ಬೊಕ್ಕಸಕ್ಕೆ ಹಣ ಆಕಾಶದಿಂದ ಉದುರುತ್ತಿರಲಿಲ್ಲ. ಭಾಲ್ಕಿಯ, ಔರಾದಿನ ಒಕ್ಕಲು ಮಕ್ಕಳು ಕಟ್ಟಿದ ಕಂದಾಯವೂ ಅದರಲ್ಲಿ ಸೇರಿತ್ತು. ಆ ಒಕ್ಕಲಿನ ಮಗನಿಗೆ ತನ್ನ ಹಳ್ಳಿಯಲ್ಲಿ ತನ್ನ ತಾಯಿನುಡಿಯ ಒಂದು ಶಾಲೆ ಇರುವುದು ದುರ್ಲಭವಾಗಿತ್ತು. ವಿದ್ಯಾರ್ಥಿವೇತನಕ್ಕೆ ಪಾತ್ರಳಾದ ಹುಡುಗಿ ಅದಕ್ಕೆ ಯೋಗ್ಯಳಾಗಿದ್ದಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆಕೆ ಕಾಲೇಜಿನ ಪ್ರಾಂಶುಪಾಲರ ಮಗಳು. ಆಕೆಯ ಯೋಗ್ಯತೆ ಅರಮನೆಯ ಕಣ್ಣಿಗೆ ಬಿತ್ತು. ಬೀಳದೆ ಉಳಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡಕರರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದು ಈ ಕಾರಣದಿಂದಲೇ ದೊಡ್ಡ ಸಂಗತಿ. ಯಾರ ಕಣ್ಣಿಗೂ ಬೀಳದಂತೆ ಸಮಾಜವು ದೂರವಿಟ್ಟ ಮನೆಯಿಂದ ಬಂದ ವಿದ್ಯಾರ್ಥಿಗೆ ಅಲ್ಲಿ ಸಾರ್ವಜನಿಕ ಹಣ ಸಂದಿತು.

ಬೊಕ್ಕಸದ ಬಾಗಿಲು ಮುಚ್ಚಿದ್ದಾಗ ಬೀದರಿನ ಜನ ಬೇರೊಂದು ದಾರಿಯನ್ನು ಕಂಡುಕೊಂಡರು. 1889ರಲ್ಲಿ ಕಮಲನಗರದಲ್ಲಿ ಜನಿಸಿದ ಬಾಲಕನೊಬ್ಬ ಮುಂದೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಎಂದು ಹೆಸರಾದನು. ಅವರು ಕನ್ನಡವನ್ನೂ ಶಾಸ್ತ್ರಗಳನ್ನೂ ಓದಿದ್ದು ಬಾದಾಮಿಯ ಬಳಿಯ ಶಿವಯೋಗ ಮಂದಿರದಲ್ಲಿ. ಆ ಸಂಸ್ಥೆ ಭಕ್ತರ ಕಾಣಿಕೆಯಿಂದ ನಡೆಯುತ್ತಿತ್ತು. ಇಂದಿನ ನಕಾಶೆಯಲ್ಲಿ ಭಾಲ್ಕಿಯೂ ಬಾದಾಮಿಯೂ ಒಂದೇ ರಾಜ್ಯದಲ್ಲಿವೆ. ಅಂದು ಹಾಗಿರಲಿಲ್ಲ. ಭಾಲ್ಕಿ ನಿಜಾಮರದು, ಬಾದಾಮಿ ಬ್ರಿಟಿಷರ ಮುಂಬಯಿ ಪ್ರಾಂತದ್ದು. ತನ್ನ ತಾಯಿನುಡಿಯನ್ನು ಚೆನ್ನಾಗಿ ಓದಲು ಒಬ್ಬ ವಿದ್ಯಾರ್ಥಿ ಪರರಾಜ್ಯಕ್ಕೆ ಹೋಗಬೇಕಾದ ವಿಚಿತ್ರ ಕಾಲವದು. ಓದಿ ಬಂದ ಮೇಲೆ ಅವರು ತಮ್ಮ ನಾಡಿನಲ್ಲಿ ಕನ್ನಡ ಶಾಲೆಗಳನ್ನು ತೆರೆದರು. ಸಂಸ್ಥಾನದ ಆಡಳಿತದ ಭಾಷೆ ಉರ್ದು. ಆದುದರಿಂದ ಶಾಲೆಯ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದರೆಂದು ಈ ಭಾಗದ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1999ರವರೆಗೆ ಬದುಕಿದ್ದ ಆ ಹಿರಿಯರನ್ನು ಕಣ್ಣಾರೆ ಕಂಡವರು ಭಾಲ್ಕಿಯಲ್ಲಿ ಈಗಲೂ ಅನೇಕರಿದ್ದಾರೆ.

ಸ್ವಾತಂತ್ರ್ಯಾನಂತರ ಪ್ರಜಾಸರ್ಕಾರಗಳು ಅರಸರ ಸ್ಥಾನವನ್ನು ವಹಿಸಿಕೊಂಡವು. 1950ರ ಫೆಬ್ರವರಿಯಲ್ಲಿ ಭಾರತವೂ ಅಮೆರಿಕವೂ ಒಂದು ಒಪ್ಪಂದ ಮಾಡಿಕೊಂಡು, ಫುಲ್‌ಬ್ರೈಟ್ ಎಂಬ ಹೆಸರಿನ ವಿದ್ಯಾರ್ಥಿವೇತನಗಳನ್ನು ಇಲ್ಲಿ ಆರಂಭಿಸಿದವು. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ಜನಪದ ಕಥೆಗಳನ್ನು ಸಂಗ್ರಹಿಸಿದ್ದ ಎ. ಕೆ. ರಾಮಾನುಜನ್ನರು 1959ರಲ್ಲಿ ಈ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ ಭಾಷಾವಿಜ್ಞಾನವನ್ನು ಓದಿದರು. 1963ರಲ್ಲಿ ಅವರು ಡಾಕ್ಟರೇಟ್ ಪಡೆದುದು ಕನ್ನಡದ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ. ಕನ್ನಡದ ವ್ಯಾಕರಣವನ್ನು ಅಮೆರಿಕದಲ್ಲಿ ಬರೆಯುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ 1973ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ವಚನಗಳ ಅನುವಾದವನ್ನು ಓದಿಯೇ ಜಗತ್ತಿನ ಅನೇಕ ನಾಡುಗಳ ಜನ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಹೆಸರನ್ನು ಕೇಳಿದರು. ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಮೊಳಗಿದ ಮಾತು ಷಿಕಾಗೋ ನಗರದ ತರಗತಿಗಳಲ್ಲಿ ಪಾಠವಾಯಿತು. ಸಾರ್ವಜನಿಕರ ಹಣದಿಂದ ನಡೆದ ಒಂದು ಪಯಣದ ಫಲವು ಎಲ್ಲಿ, ಎಷ್ಟು ವರ್ಷಗಳ ಮೇಲೆ ಬಿಡುವುದೆಂದು ಲೆಕ್ಕ ಬರೆಯುವ ಗುಮಾಸ್ತನು ಮೊದಲೇ ಹೇಳಲಾರನು.

ಅಮೆರಿಕದ ವಿದ್ಯಾರ್ಥಿಗಳೂ ಇತ್ತ ಬಂದರು. 1961ರಲ್ಲಿ ಸ್ಥಾಪಿತವಾದ ಭಾರತ ಅಧ್ಯಯನದ ಅಮೆರಿಕನ್ ಸಂಸ್ಥೆಯು ಮೈಸೂರಿನಲ್ಲಿ ಕನ್ನಡ ಕಲಿಕೆಗೆ ವ್ಯವಸ್ಥೆ ಮಾಡಿತು. ಯೂರೋಪಿನ ರಾಷ್ಟ್ರಗಳು 1987ರಲ್ಲಿ ಎರಾಸ್ಮಸ್ ಎಂಬ ಯೋಜನೆಯನ್ನು ತೆಗೆದು, ಒಂದು ದೇಶದ ಕಾಲೇಜು ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಕೆಲವು ತಿಂಗಳು ಓದಿ ಬರುವಂತೆ ಮಾಡಿದವು. ಪ್ರೌಢಶಾಲೆಯ ಮಕ್ಕಳನ್ನೇ ಗಮನದಲ್ಲಿರಿಸಿಕೊಂಡು ಅಮೆರಿಕದ ಸರ್ಕಾರವು 2006ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಅರಬ್ಬೀ, ಚೀನೀ, ರಷ್ಯನ್, ಹಿಂದಿ ಮೊದಲಾದ ಭಾಷೆಗಳನ್ನು ಅವುಗಳ ನೆಲದಲ್ಲಿಯೇ ಕಲಿಯಲು ಹದಿನೈದರಿಂದ ಹದಿನೆಂಟು ವಯಸ್ಸಿನವರಿಗೆ ಅದರಿಂದ ನೆರವು ದೊರೆಯಿತು.

ನಮ್ಮ ದೇಶದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಥದೇನಾದರೂ ಇದೆಯೆ? ಇದೆ. ಅದಕ್ಕೆ ಹಡಗಾಗಲಿ ವಿಮಾನವಾಗಲಿ ಬೇಕಿಲ್ಲ; ರೈಲು ಸಾಕು. ಭಾರತದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೆ ಭಾಷೆ, ಲಿಪಿ, ಊಟ, ಉಡುಪು ಎಲ್ಲವೂ ಬದಲಾಗುತ್ತವೆ. ಯೂರೋಪಿನಲ್ಲಿ ಇದಕ್ಕೆ ಪರದೇಶವೆಂದೇ ಹೆಸರು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಕೇಂದ್ರ ಸರ್ಕಾರವು ಪ್ರತಿ ಜಿಲ್ಲೆಗೊಂದರಂತೆ ಜವಾಹರ ನವೋದಯ ವಿದ್ಯಾಲಯಗಳನ್ನು ಸ್ಥಾಪಿಸತೊಡಗಿತು. ಮೊದಲ ಎರಡು ವಿದ್ಯಾಲಯಗಳು ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾದವು. ಈಗ ದೇಶದಲ್ಲಿ ಇವುಗಳ ಸಂಖ್ಯೆ 650ನ್ನು ಮೀರಿದೆ. ಬೀದರ ಜಿಲ್ಲೆಯ ನವೋದಯ ವಿದ್ಯಾಲಯವಿರುವುದು ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಅವರಲ್ಲಿ ಶೇಕಡ 75ರಷ್ಟಾದರೂ ಹಳ್ಳಿಗಾಡಿನವರಿರಬೇಕು, ಮೂರರಲ್ಲಿ ಒಂದು ಪಾಲಾದರೂ ಹುಡುಗಿಯರಿರಬೇಕು ಎಂಬುದು ನಿಯಮ. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕಗಳ ಹೊಣೆ ಸರ್ಕಾರದ್ದು.

ಈ ವಿದ್ಯಾಲಯಗಳ ವಿಶೇಷವೆಂದರೆ ಒಂಬತ್ತನೆಯ ತರಗತಿಯಲ್ಲಿ ನಡೆಯುವ ವಿನಿಮಯ. ತರಗತಿಯ ಶೇಕಡ 30ರಷ್ಟು ಮಕ್ಕಳು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಬೇರೊಂದು ಭಾಷೆಯ ಪ್ರದೇಶದಲ್ಲಿರುವ ನವೋದಯ ವಿದ್ಯಾಲಯಕ್ಕೆ ಹೋಗಿ ಓದುತ್ತಾರೆ. ಹಿಂದಿ ಪ್ರದೇಶದ ಶಾಲೆಗೂ ಹಿಂದಿಯೇತರ ಪ್ರದೇಶದ ಶಾಲೆಗೂ ಜೋಡಿ ಹಾಕಿರುತ್ತಾರೆ. ಎಂಬತ್ತು ಮಕ್ಕಳಿರುವ ತರಗತಿಯಾದರೆ ಇಪ್ಪತ್ತನಾಲ್ಕು ಮಂದಿ ಅತ್ತ ಹೋಗುತ್ತಾರೆ, ಅಷ್ಟೇ ಮಂದಿ ಇತ್ತ ಬರುತ್ತಾರೆ. ಜೊತೆಗೆ ಶಿಕ್ಷಕರು ಹೋಗಿ ಬಿಟ್ಟುಬರುತ್ತಾರೆ. ಪಯಣದ ವೆಚ್ಚ ಸಾರ್ವಜನಿಕ ಹಣದಿಂದಲೇ ಸಲ್ಲುತ್ತದೆ. ಇದರ ಇನ್ನೊಂದು ಅಂಗ ಬಹುಜನರಿಗೆ ತಿಳಿಯದು. ಹಿಂದಿ ಪ್ರದೇಶದ ನವೋದಯ ಶಾಲೆಯಲ್ಲಿ ಮೂರನೆಯ ಭಾಷೆ ಯಾವುದೆಂಬುದನ್ನು ಈ ಜೋಡಿಯೇ ನಿರ್ಧರಿಸುತ್ತದೆ. ಕರ್ನಾಟಕದೊಡನೆ ಜೋಡಿಯಾದ ಶಾಲೆಯಲ್ಲಿ ಆರನೆಯ ತರಗತಿಯಿಂದಲೇ ಮಕ್ಕಳೆಲ್ಲರೂ ಕನ್ನಡದ ಅಕ್ಷರಗಳನ್ನು ತಿದ್ದುತ್ತಾರೆ. 1968ರ ರಾಷ್ಟ್ರೀಯ ನೀತಿಯಲ್ಲಿ ಹೇಳಿದ ತ್ರಿಭಾಷಾ ಸೂತ್ರದಂತೆ ಹಿಂದಿ ಪ್ರದೇಶದವರು ದಕ್ಷಿಣದ ಒಂದು ಭಾಷೆಯನ್ನು ಕಲಿಯಬೇಕಾಗಿತ್ತು. ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದ ಆ ಮಾತನ್ನು ನಡೆಸಿ ತೋರಿಸಿದ ಶಾಲೆಗಳು ಇವು.

ಈ ಏರ್ಪಾಟಿಗೆ ಕಾಗದಪತ್ರಗಳಲ್ಲಿ ವಲಸೆ ಎಂಬ ಹೆಸರಿದೆ. ಬೀದರಿನ ಜನಕ್ಕೆ ಆ ಮಾತು ಅಷ್ಟಾಗಿ ಹಿತವಾದುದಲ್ಲ. ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿ ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ಕೂಲಿಗಾಗಿ ಹೋಗುವುದೇ ಇಲ್ಲಿಯವರು ಬಲ್ಲ ವಲಸೆ. ಅದನ್ನು ಗುಳೆ ಎನ್ನುತ್ತಾರೆ. 1972ರ ಬರಗಾಲದ ನೆನಪು ಹಿರಿಯರಲ್ಲಿ ಇನ್ನೂ ಆರಿಲ್ಲ. ಗುಳೆ ಹೋದವರ ಮಕ್ಕಳು ಪರಭಾಷೆಯನ್ನು ಬೇಗ ಕಲಿಯುತ್ತಾರೆ. ಆದರೆ ಶಾಲೆಯನ್ನು ಕಳೆದುಕೊಳ್ಳುತ್ತಾರೆ. ಶಾಲೆಯೇ ಕರೆದುಕೊಂಡು ಹೋಗುವ ವಲಸೆ ಅವರ ಮನೆಗಳಿಗೆ ಹೊಸ ಅನುಭವ.

ಹದಿನಾಲ್ಕು ವರ್ಷದ ಮಗುವನ್ನು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರಕ್ಕೆ ಒಂದು ವರ್ಷದ ಮಟ್ಟಿಗೆ ಕಳುಹಿಸಿಕೊಡುವುದೆಂದರೆ ತಂದೆತಾಯಿಗಳ ಎದೆ ನಡುಗುವುದು ಸಹಜ. ಚಳಿ ತಡೆದೀತೆ, ಜೋಳದ ರೊಟ್ಟಿಯಿಲ್ಲದೆ ಹೊಟ್ಟೆ ತುಂಬೀತೆ, ಜ್ವರ ಬಂದರೆ ನೋಡುವವರಾರು, ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಯಿದೆಯಲ್ಲ ಎಂಬ ಪ್ರಶ್ನೆಗಳು ಏಳುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಳುಕು ಇನ್ನೂ ಹೆಚ್ಚು. ಈ ಪ್ರಶ್ನೆಗಳನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಸರೋಜಿನಿಯಂಥ ಪ್ರತಿಭಾವಂತೆಯೂ ಪರದೇಶದ ಹವೆಯಲ್ಲಿ ಆರೋಗ್ಯ ಕಳೆದುಕೊಂಡು ಮರಳಿದ್ದನ್ನು ಕಂಡಿದ್ದೇವೆ. ಸರ್ಕಾರವು ರೈಲಿನ ಚೀಟಿಯನ್ನು ಕೊಟ್ಟಮಾತ್ರಕ್ಕೆ ಹೊಣೆ ತೀರಲಿಲ್ಲ. ಮಗುವನ್ನು ತನ್ನದೆಂದು ನೋಡಿಕೊಳ್ಳುವ ಶಿಕ್ಷಕರು ಅಲ್ಲಿರಬೇಕು, ಮನೆಯವರೊಡನೆ ಮಾತನಾಡಲು ಅನುಕೂಲವಿರಬೇಕು. ಇವು ಇಲ್ಲದೆಡೆಯಲ್ಲಿ ತಂದೆತಾಯಿಗಳು ಹಿಂಜರಿದರೆ ಅವರನ್ನು ದೂರುವುದು ಸರಿಯಲ್ಲ.

ಹೋದ ಮಕ್ಕಳಿಗೂ ಬಂದ ಮಕ್ಕಳಿಗೂ ಕಷ್ಟ ಒಂದೇ ಬಗೆಯದಲ್ಲ ಎಂಬುದನ್ನೂ ಗಮನಿಸಬೇಕು. ಭಾಲ್ಕಿಯ ಹುಡುಗ ಹಿಂದಿಯ ನಾಡಿಗೆ ಹೋದಾಗ ಅವನ ಬಜಾರದ ದಖನಿ ಅವನಿಗೆ ಆಸರೆಯಾಗುತ್ತದೆ. ಅವನ ಹಿಂದಿಯಲ್ಲಿ ಲಿಂಗ ವಚನಗಳು ಅಸ್ತವ್ಯಸ್ತವಾಗಿದ್ದು ಗೆಳೆಯರು ನಕ್ಕಾರು. ಆದರೆ ಮೊದಲ ದಿನವೇ ಅವನ ಮಾತು ಅವರಿಗೆ ತಿಳಿಯುತ್ತದೆ. ಕನ್ನಡದಲ್ಲಿ ನಿರ್ಜೀವ ವಸ್ತುಗಳಿಗೆಲ್ಲ ನಪುಂಸಕಲಿಂಗವೊಂದೇ. ಹಿಂದಿಯಲ್ಲಿ ಮೇಜು ಹೆಣ್ಣು, ಬಾಗಿಲು ಗಂಡು. ಇದನ್ನು ವ್ಯಾಕರಣದ ಪುಸ್ತಕದಿಂದ ಕಲಿಯುವುದಕ್ಕಿಂತ ಗೆಳೆಯರ ನಗೆಯಿಂದ ಬೇಗ ಕಲಿಯಬಹುದು. ಅಲ್ಲಿಂದ ನಾರಾಯಣಪುರಕ್ಕೆ ಬಂದ ಹುಡುಗನ ಪಾಡು ಬೇರೆ. ಅವನು ಪುಸ್ತಕದಲ್ಲಿ ‘ನೀನು ಏನು ಮಾಡುತ್ತಿರುವೆ?’ ಎಂದು ಓದಿರುತ್ತಾನೆ. ಇಲ್ಲಿಯ ಗೆಳೆಯ ‘ಏನ್ ಮಾಡ್ಲತ್ತಿ?’ ಎಂದು ಕೇಳುತ್ತಾನೆ. ಪುಸ್ತಕದ ‘ಮನೆ’ ಇಲ್ಲಿ ‘ಮನಿ’ಯಾಗಿದೆ, ‘ಊರಿಗೆ’ ಎಂಬುದು ‘ಊರಿಗಿ’ ಎಂದಾಗಿದೆ. ಒಂದು ಭಾಷೆಯನ್ನು ಕಲಿಯಲು ಬಂದವನು ಎರಡನ್ನು ಕಲಿಯಬೇಕಾಗುತ್ತದೆ. ಆದರೆ ‘ಜಲ್ದಿ’, ‘ದವಾಖಾನೆ’ಗಳು ಕಿವಿಗೆ ಬಿದ್ದಾಗ, ತನ್ನೂರಿನ ಮಾತುಗಳು ತನಗಿಂತ ಮೊದಲೇ ಇಲ್ಲಿಗೆ ಬಂದು ನೆಲಸಿರುವುದು ಅವನಿಗೆ ಗೊತ್ತಾಗುತ್ತದೆ. ಇದು ನಿಕಿತಿನನ ಕಾಲದಿಂದಲೂ ಬೀದರಿನ ಗುಣ.

ಮಕ್ಕಳಿಗಿಂತ ಮೊದಲು ಶಿಕ್ಷಕರಿಗಾಗಿ ಇಂಥ ವ್ಯವಸ್ಥೆ ಆಗಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. 1969ರ ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪಿತವಾಯಿತು. ಮರುವರ್ಷ ಮೈಸೂರು, ಪುಣೆ, ಭುವನೇಶ್ವರ, ಪಟಿಯಾಲಾಗಳಲ್ಲಿ ಅದರ ಪ್ರಾದೇಶಿಕ ಭಾಷಾ ಕೇಂದ್ರಗಳು ತೆರೆದವು. ಒಂದು ರಾಜ್ಯದ ಶಿಕ್ಷಕರು ಸರ್ಕಾರದ ವೆಚ್ಚದಲ್ಲಿ ಹತ್ತು ತಿಂಗಳು ಅಲ್ಲಿದ್ದು ಇನ್ನೊಂದು ರಾಜ್ಯದ ಭಾಷೆಯನ್ನು ಕಲಿಯುವ ಏರ್ಪಾಟದು. ಮೈಸೂರಿನಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು, ಪುಣೆಯಲ್ಲಿ ಮರಾಠಿ, ಗುಜರಾತಿಗಳನ್ನು ಕಲಿಸಿದರು. ಅಭ್ಯಾಸದ ನಡುವೆ ಆ ಭಾಷೆಯಾಡುವ ಊರುಗಳಿಗೆ ಪ್ರವಾಸವನ್ನೂ ಸೇರಿಸಿದ್ದರು. ಕಲಿಸುವವನೇ ಆ ಭಾಷೆಯ ಊರನ್ನು ಕಂಡಿರದಿದ್ದರೆ ಕಲಿಯುವವನಿಗೆ ಅವನು ತೋರಿಸುವುದೇನನ್ನು?

ನವೋದಯದ ವಿನಿಮಯ ಒಳ್ಳೆಯದೆಂದು ಒಪ್ಪಿದ ಮೇಲೂ ಲೆಕ್ಕವೊಂದು ಉಳಿಯುತ್ತದೆ. ಇಡೀ ಜಿಲ್ಲೆಗೆ ಅಂಥ ಶಾಲೆ ಒಂದು. ಅದರಿಂದ ಹೊರಡುವ ಮಕ್ಕಳು ವರ್ಷಕ್ಕೆ ಎರಡು ಡಜನಿನಷ್ಟು. ಔರಾದ, ಭಾಲ್ಕಿ, ಕಮಲನಗರಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ಸಾವಿರಾರು ಮಕ್ಕಳ ಪಾಲಿಗೆ ಭಾಷೆಯೆಂದರೆ ಈಗಲೂ ಪುಸ್ತಕವೇ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಪಯಣ, ಗೆಲ್ಲದವರಿಗೆ ಬಾಯಿಪಾಠ ಎಂದಾದರೆ, ಅರಮನೆಯ ಕಣ್ಣಿಗೆ ಬಿದ್ದವರು, ಬೀಳದವರು ಎಂಬ ಹಳೆಯ ಭೇದವೇ ಬೇರೊಂದು ಬಗೆಯಲ್ಲಿ ಮುಂದುವರಿದಂತಾಗುತ್ತದೆ. ಕಂದಾಯ ಕಟ್ಟುವವರು ಇಬ್ಬರ ತಂದೆಯರೂ ಹೌದು.

ಎಲ್ಲರನ್ನೂ ವರ್ಷಗಟ್ಟಲೆ ದೂರಕ್ಕೆ ಕಳುಹಿಸಲು ಯಾವ ಸರ್ಕಾರದಲ್ಲಿಯೂ ಹಣವಿರಲಾರದು. ಆದರೆ ಬೀದರ ಜಿಲ್ಲೆಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮರಾಠಿಯ ಊರು ಉದಗೀರ, ತೆಲುಗಿನ ಊರು ಜಹೀರಾಬಾದ್. ಅತ್ತಲಿನ ಶಾಲೆಗಳಲ್ಲಿಯೂ ನಮ್ಮಂತೆಯೇ ನೆರೆಭಾಷೆಯನ್ನು ಕಿವಿಯಿಂದ ಬಲ್ಲ, ಕಣ್ಣಿನಿಂದ ಅರಿಯದ ಮಕ್ಕಳಿದ್ದಾರೆ. ಇಲ್ಲಿಯ ಒಂದು ಶಾಲೆಯ ಮಕ್ಕಳು ಒಂದು ತಿಂಗಳು ಅಲ್ಲಿದ್ದು ಮರಾಠಿಯಲ್ಲಿ ದಿನಚರಿ ಬರೆದರೆ, ಅಲ್ಲಿಯವರು ಇಲ್ಲಿಗೆ ಬಂದು ಕನ್ನಡದಲ್ಲಿ ಕಾಗದ ಬರೆದರೆ, ಖರ್ಚು ಬಸ್ಸಿನ ಚೀಟಿಯದು ಮತ್ತು ವಸತಿಗೃಹದ ಊಟದ್ದು. ಸೋದರಮಾವನ ಮನೆಯೋ ಚಿಕ್ಕಮ್ಮನ ಮನೆಯೋ ಅಲ್ಲಿಯೇ ಇರುವ ಮಕ್ಕಳಿಗೆ ಅದೂ ಉಳಿದೀತು. ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಕುಳಿತು ಒಪ್ಪಿಕೊಳ್ಳಬೇಕಾದ ಕೆಲಸವಿದು. ಎರಡು ದೇಶಗಳ ಸರ್ಕಾರಗಳು 1950ರಲ್ಲಿಯೇ ಇದಕ್ಕಿಂತ ಕಠಿನವಾದುದನ್ನು ಒಪ್ಪಿಕೊಂಡಿದ್ದವು. ಬಸ್ಸುಗಳಂತೂ ಗಡಿಯನ್ನು ದಿನವೂ ದಾಟುತ್ತಿವೆ.